ಕಾಂತಕ್ಕೆ ಕಾಣದ ಜೋಡಿ

ಅಣುಗಳೊಳಗಿನ ನ್ಯೂಕ್ಲಿಯಸ್‌ಗಳ ಕಾಂತತ್ವವನ್ನು ರೇಡಿಯೋ ಅಲೆಗಳಿಂದ ಅಳೆಯುವ ಎನ್‌ಎಂಆರ್ ಯಂತ್ರಕ್ಕೆ ಸಿಗುವ ಸಿಗ್ನಲ್ ಬಲು ಕ್ಷೀಣ. 9.4 ಟೆಸ್ಲಾದಷ್ಟು ಪ್ರಬಲ ಕಾಂತಕ್ಷೇತ್ರದಲ್ಲೂ ಲಕ್ಷ ಪ್ರೋಟಾನುಗಳಲ್ಲಿ (ಜಲಜನಕದ ನ್ಯೂಕ್ಲಿಯಸ್‌ಗಳಲ್ಲಿ) ಲೆಕ್ಕಕ್ಕೆ ಬರುವುದು ಸುಮಾರು ಮೂರು. ಉಳಿದವು ಅರ್ಧ ಅತ್ತ, ಅರ್ಧ ಇತ್ತ ಮುಖಮಾಡಿ ಒಂದರ ಪ್ರಭಾವವನ್ನು ಇನ್ನೊಂದು ಅಳಿಸುತ್ತವೆ. ಈ ಸಿಗ್ನಲ್ಲನ್ನು ಹತ್ತು ಸಾವಿರ ಪಟ್ಟು ಮೀರಿ ಹಿಗ್ಗಿಸುವ ವಿಧಾನವೊಂದು 2003ರಲ್ಲಿ ಬಂತು. ಆದರೆ ಹಿಗ್ಗಿದ್ದು ನಿಲ್ಲಬೇಕಲ್ಲ! ಬಹುಪಾಲು ಅಣುಗಳಲ್ಲಿ ಅದು ಸೆಕೆಂಡುಗಳಲ್ಲೇ ಕರಗಿಹೋಗುತ್ತದೆ.

ಕರಗಿಸುವುದರಲ್ಲಿ ನೆರೆಯ ನ್ಯೂಕ್ಲಿಯಸ್‌ನ ಪಾಲು ದೊಡ್ಡದು. ದ್ರವದಲ್ಲಿ ಅಣು ಸದಾ ಉರುಳಾಡುತ್ತಿರುತ್ತದೆ. ಆಗ ಪಕ್ಕದ ಪ್ರೋಟಾನಿನ ಕಾಂತತ್ವ ಕ್ಷಣಕ್ಷಣಕ್ಕೂ ಏರಿಳಿದು ಈ ನ್ಯೂಕ್ಲಿಯಸ್‌ನ ಸ್ಪಿನ್ನನ್ನು, ಅಂದರೆ ಅದನ್ನು ಪುಟ್ಟ ಕಾಂತವಾಗಿಸುವ ಗುಣವನ್ನು, ಕದಡುತ್ತದೆ.

2004ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಮಾಲ್ಕಮ್ ಲೆವಿಟ್ ಮತ್ತು ಸಂಗಡಿಗರು ಹಿಡಿದದ್ದು ಈ ನೆರೆಹೊರೆಯನ್ನೇ. ಎರಡು ಪ್ರೋಟಾನುಗಳ ಸ್ಪಿನ್‌ಗಳು ಕೂಡಿದಾಗ ನಾಲ್ಕು ಸ್ಥಿತಿಗಳು ಸಾಧ್ಯ. ಮೂರರ ಗುಂಪಿಗೆ ಟ್ರಿಪ್ಲೆಟ್ ಎಂದೂ, ಒಂಟಿಯಾಗಿ ಉಳಿದದ್ದಕ್ಕೆ ಸಿಂಗ್ಲೆಟ್ ಎಂದೂ ಹೆಸರು. ಪ್ರೋಟಾನುಗಳನ್ನು ಅದಲುಬದಲು ಮಾಡಿದರೆ ಟ್ರಿಪ್ಲೆಟ್ ಹಾಗೇ ಉಳಿಯುತ್ತದೆ, ಸಿಂಗ್ಲೆಟ್‌ನ ಚಿಹ್ನೆ ಮಾತ್ರ ತಿರುವುಮುರುವಾಗುತ್ತದೆ. ಇಬ್ಬರೂ ಪರಸ್ಪರ ಕೊಡುವ ಕಾಟಕ್ಕೆ ಅದಲುಬದಲಿನ ಭೇದವಿಲ್ಲ. ಆದ್ದರಿಂದ ಆ ಕಾಟ ಸಿಂಗ್ಲೆಟ್ಟನ್ನು ಟ್ರಿಪ್ಲೆಟ್ ಆಗಿಸಲಾರದು; ಸಿಂಗ್ಲೆಟ್‌ನಲ್ಲಿ ಅಡಗಿಸಿಟ್ಟ ಸಿಗ್ನಲ್ ಹೆಚ್ಚು ಕಾಲ ಬಾಳುತ್ತದೆ. ನನಗೆ ಇದು ಸಮ್ಮಿತಿಯ ಅತ್ಯಂತ ಚೆಲುವಾದ ಉಪಯೋಗಗಳಲ್ಲಿ ಒಂದೆನಿಸುತ್ತದೆ.

ತೊಡಕೂ ಅಲ್ಲೇ ಇದೆ. ಸಿಂಗ್ಲೆಟ್‌ನ ಒಟ್ಟು ಸ್ಪಿನ್ ಸೊನ್ನೆ, ಹಾಗಾಗಿ ರೇಡಿಯೋ ಅಲೆ ಅದನ್ನು ನೇರವಾಗಿ ಕಾಣದು. ಸಿಗ್ನಲ್ಲನ್ನು ಅದರೊಳಗೆ ಹೊಗಿಸಲೂ ಹೊರತೆಗೆಯಲೂ ಎರಡು ನ್ಯೂಕ್ಲಿಯಸ್‌ಗಳ ಪರಿಸರದಲ್ಲಿ ಒಂದಿಷ್ಟು ವ್ಯತ್ಯಾಸ ಬೇಕೇ ಬೇಕು. ವ್ಯತ್ಯಾಸ ಹೆಚ್ಚಾದರೆ ರಕ್ಷಣೆ ಸೋರಿಹೋಗುತ್ತದೆ. ಲೆವಿಟ್ ತಂಡ ಮೊದಲಿಗೆ ಮಾದರಿಯನ್ನು ಪ್ರಬಲ ಕ್ಷೇತ್ರದಿಂದ ದುರ್ಬಲ ಕ್ಷೇತ್ರಕ್ಕೆ ಸರಿಸಿ ಈ ವ್ಯತ್ಯಾಸವನ್ನು ತಾತ್ಕಾಲಿಕವಾಗಿ ಅಡಗಿಸಿತು. ಮುಂದೆ, ಹೆಚ್ಚುಕಡಿಮೆ ಒಂದೇ ಪರಿಸರದಲ್ಲಿರುವ ಎರಡು ಕಾರ್ಬನ್-13 (ಸ್ಪಿನ್ ಇರುವ ಕಾರ್ಬನ್ ಬಗೆ) ನ್ಯೂಕ್ಲಿಯಸ್‌ಗಳಿರುವಂತೆ ಅಣುವನ್ನೇ ಕಟ್ಟಿದರು. 2015ರಲ್ಲಿ ಹಾಗೆ ಕಟ್ಟಿದ ನ್ಯಾಫ್ತಲೀನ್ ಬಗೆಯ ಅಣುವೊಂದರಲ್ಲಿ ಸಿಂಗ್ಲೆಟ್ ಕೋಣೆಯ ಉಷ್ಣತೆಯ ದ್ರಾವಣದಲ್ಲಿ ಒಂದು ಗಂಟೆಗೂ ಹೆಚ್ಚು ಬಾಳಿತು.

ಜಲಜನಕ ಅನಿಲದಲ್ಲಿ ಇಂಥ ಜೋಡಿ ತಾನಾಗಿಯೇ ಇದೆ: ಎರಡು ಪ್ರೋಟಾನುಗಳೂ ಸಿಂಗ್ಲೆಟ್‌ನಲ್ಲಿರುವ ಪ್ಯಾರಾ-ಹೈಡ್ರೋಜನ್. ರಸಾಯನವಿಜ್ಞಾನಿಗಳಾದ ಬೋನ್‌ಹೋಫರ್ ಮತ್ತು ಹಾರ್ಟೆಕ್ ಅದನ್ನು 1929ರಲ್ಲೇ ಬೇರ್ಪಡಿಸಿ ತೋರಿಸಿದ್ದರು.

ಔಷಧ ಹುಡುಕುವವರಿಗೂ ಈ ಸ್ಥಿತಿ ಒದಗಿಬಂದಿದೆ. ಪುಟ್ಟ ಅಣುವೊಂದು ಪ್ರೋಟೀನಿಗೆ ಅಂಟಿಕೊಂಡರೆ ಅದರ ಸಿಂಗ್ಲೆಟ್‌ನ ಆಯಸ್ಸು ಥಟ್ಟನೆ ಕುಗ್ಗುತ್ತದೆ. ದೀರ್ಘಾಯುಷ್ಯದಿಂದ ಅಲ್ಪಾಯುಷ್ಯಕ್ಕೆ ಆಗುವ ಇಳಿತ ದೊಡ್ಡದಾದ್ದರಿಂದ, ಬೆರಳೆಣಿಕೆಯ ಅಣುಗಳು ಅಂಟಿದ್ದರೂ ಅದು ಅಳತೆಗೆ ಸಿಗುತ್ತದೆ.