ಫೈಬರ್ ಜಂಪರ್, ಮನೆ ವೈರಿಂಗ್: ಜಾಯಿಂಟ್ ಬಗ್ಗೆ ನನ್ನ ನೋಟ್ಸ್

ಪರೀಕ್ಷೆಗೆ ಓದುವಾಗ ಬಣ್ಣಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಜಂಪರ್ ಅಂದ್ರೆ ಎರಡೂ ತುದಿಗೆ ಕನೆಕ್ಟರ್ ಇರುವ ಗಿಡ್ಡ ಫೈಬರ್ ಕೇಬಲ್, ಒಳಗೆ ಬೆಳಕು ಸಾಗುವ ಗಾಜಿನ ಎಳೆ. ಹಳದಿ ಜಂಪರ್ ಅಂದ್ರೆ ಸಿಂಗಲ್ ಮೋಡ್ (ತೀರಾ ಸಣ್ಣ ದಾರಿಯ ಎಳೆ), ಹಸಿರು ತುದಿ ಎಪಿಸಿ (ಓರೆಯಾಗಿ ಉಜ್ಜಿದ್ದು), ನೀಲಿ ತುದಿ ಯುಪಿಸಿ (ಓರೆ ಇಲ್ಲದ್ದು). ಆದರೂ ಕಲಬುರಗಿಯಲ್ಲಿ ಒಬ್ಬರ ಮನೆಗೆ ಕೆಲಸ ಕಲಿಸುವ ಉಸ್ತಾದ್ ಜೊತೆ ಹೋದಾಗ ನೀಲಿ ತುದಿಯನ್ನು ಗೋಡೆಯ ಹಸಿರು ಅಡಾಪ್ಟರ್‌ಗೆ ಚುಚ್ಚಿಬಿಟ್ಟೆ. ಟಿಕ್ ಅಂತ ಸರಿಯಾಗಿ ಕೂತಿತು. ಮೋಡೆಮ್ ಮೇಲಿನ ಕೆಂಪು ದೀಪ ಮಾತ್ರ ಮಿಣುಕುತ್ತಲೇ ಇತ್ತು. ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಹಚ್ಚಿ ನೋಡಿದರೆ ಮೈನಸ್ 28 ಡಿಬಿಎಂ (ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಮ್ಮಿ). ಹಸಿರು ತುದಿಯ ಜಂಪರ್ ಹಾಕಿದ ಮೇಲೆ ಮೈನಸ್ 23. "ಕೂತರ ಕೂಡಿದಂಗ ಅಲ್ಲೋ ತಮ್ಮಾ" ಅಂದರು ಉಸ್ತಾದ್.

ಈ 5 ಡಿಬಿ (ಡೆಸಿಬೆಲ್) ವ್ಯತ್ಯಾಸ ಅಂದ್ರೆ ಸಣ್ಣದು ಅನಿಸುತ್ತೆ, ಅಲ್ವಾ? 3 ಡಿಬಿ ಹೋದರೆ ಬೆಳಕು ಅರ್ಧ, 10 ಡಿಬಿ ಹೋದರೆ ಹತ್ತರಲ್ಲಿ ಒಂದು ಪಾಲು. 5 ಡಿಬಿ ಹೋದರೆ ಮೂರರಲ್ಲಿ ಹೆಚ್ಚುಕಡಿಮೆ ಎರಡು ಪಾಲು ಅಲ್ಲೇ ಸೋರಿದಂತೆ.

ಕಾರಣ ಇಷ್ಟೇ. ಎಪಿಸಿ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ವಾಪಸ್ ಬರುವ ಬೆಳಕು ಲೇಸರ್ ಕಡೆಗೆ ತಿರುಗಿ ಹೋಗದೆ ಪಕ್ಕಕ್ಕೆ ಚದುರಲಿ ಅಂತ. ಯುಪಿಸಿ ತುದಿಯಲ್ಲಿ ಆ ಓರೆ ಇಲ್ಲ. ಎರಡನ್ನೂ ಎದುರುಬದುರು ಇಟ್ಟರೆ ನಡುವೆ ಸಂದು ಉಳಿಯುತ್ತೆ, ಜೊತೆಗೆ ತುದಿಗಳಿಗೆ ಗೀರು ಬೀಳುವ ಭಯ. ಎರಡರ ಹೊರಗಿನ ಪ್ಲಾಸ್ಟಿಕ್ ಅಳತೆ ಒಂದೇ ಆಗಿರುವುದರಿಂದ ಯಾರೂ ತಡೆಯಲ್ಲ, ಅದೇ ಮೋಸ.

ಜಂಪರ್ ಕೊಳ್ಳುವಾಗ ನಾನು ಈಗ ನೋಡುವುದು ಮೊದಲು ಒಳಗಿನ ಗಾಜು. ಸಿಂಗಲ್ ಮೋಡ್‌ನ ಕೋರ್, ಅಂದ್ರೆ ಬೆಳಕು ಸಾಗುವ ನಡುವಿನ ದಾರಿ, ಸುಮಾರು 9 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್). ಕಿತ್ತಳೆ ಅಥವಾ ತಿಳಿನೀಲಿ ಹೊದಿಕೆಯ ಮಲ್ಟಿಮೋಡ್‌ನಲ್ಲಿ 50 ಅಥವಾ 62.5. 50ರ ದಾರಿಯಿಂದ 9ರ ಸಂದಿಗೆ ಬೆಳಕು ಸುರಿದರೆ ಬಹುಪಾಲು ಹೊರಗೇ ಚೆಲ್ಲುತ್ತೆ, ಕೊಡದಿಂದ ಬಾಟಲಿಗೆ ನೀರು ಸುರಿದಂತೆ. ಆಮೇಲೆ ತುದಿ, ಅದರಲ್ಲಿ ಎಸ್‌ಸಿ ಮತ್ತು ಎಲ್‌ಸಿ ಅಂತ ಎರಡು ಬಗೆಯ ಕನೆಕ್ಟರ್. ಎಸ್‌ಸಿ ಫೆರುಲ್ (ಎಳೆಯನ್ನು ಹಿಡಿದಿರುವ ತುದಿಯ ಸಣ್ಣ ಕೊಳವೆ) 2.5 ಮಿಮೀ, ಎಲ್‌ಸಿ ಅದರ ಅರ್ಧ, 1.25. ಮನೆ ಮೋಡೆಮ್‌ಗೆ ಸಾಮಾನ್ಯವಾಗಿ ಎಸ್‌ಸಿ, ಆಫೀಸಿನ ಸ್ವಿಚ್‌ಗೆ ಜಾಸ್ತಿ ಎಲ್‌ಸಿ. ಸ್ವಿಚ್‌ಗೆ ಎರಡು ಎಳೆ ಇದ್ದರೆ ಒಂದು ಕಡೆಯ ಕಳಿಸುವ ತೂತು ಇನ್ನೊಂದು ಕಡೆಯ ಪಡೆಯುವ ತೂತಿಗೆ ಹೋಗಬೇಕು. ಲಿಂಕ್ ಬರದಿದ್ದರೆ ಎರಡನ್ನೂ ಅದಲುಬದಲು ಮಾಡಿ ನೋಡಿ. ಒಂದು ಎಳೆಯನ್ನು ಹಲವು ಮನೆಗೆ ಹಂಚುವ ಜಿಪಾನ್‌ನಲ್ಲಿ ಈ ಗೋಜಿಲ್ಲ, ಒಂದೇ ಎಳೆಯಲ್ಲಿ 1490 ನ್ಯಾನೋಮೀಟರ್ ಬೆಳಕು ಬರುತ್ತೆ, 1310 ವಾಪಸ್ ಹೋಗುತ್ತೆ. ಎರಡೂ ಕಣ್ಣಿಗೆ ಕಾಣಲ್ಲ. ಆದ್ದರಿಂದ "ಬೆಳಕು ಬರ್ತಿದೆಯಾ" ಅಂತ ತುದಿಯೊಳಗೆ ಇಣುಕಿ ನೋಡುವ ಚಟ ಬೇಡ.

ಲೆಕ್ಕ ಹಾಕುವುದನ್ನು ಕಲಿಯಿರಿ, ಅದು ಬಹಳ ಕೆಲಸಕ್ಕೆ ಬರುತ್ತೆ. ಇಂಟರ್ನೆಟ್ ಕಂಪನಿ ಕಡೆಯಿಂದ ಪ್ಲಸ್ 3 ಡಿಬಿಎಂ ಹೊರಟಿತು ಅಂದುಕೊಳ್ಳಿ. 32 ಮನೆಗೆ ಹಂಚುವ ಸ್ಪ್ಲಿಟರ್‌ನಲ್ಲಿ ಸುಮಾರು 17 ಡಿಬಿ ಹೋಯಿತು. ಕಿಲೋಮೀಟರ್‌ಗೆ 0.35ರಂತೆ 5 ಕಿಮೀಗೆ 1.75. ಆರು ಕನೆಕ್ಟರ್, ಒಂದಕ್ಕೆ 0.3 ಅಂದರೂ 1.8. ಒಟ್ಟು 20.55, ಮನೆಗೆ ಮುಟ್ಟುವುದು ಮೈನಸ್ 17.5 ಆಸುಪಾಸು. ಬಿ ಪ್ಲಸ್ ದರ್ಜೆಯ ಮೋಡೆಮ್ ಮೈನಸ್ 27ರ ತನಕ ಓದುತ್ತೆ. ಆರು ಕನೆಕ್ಟರ್ ಸೇರಿ 5 ಕಿಮೀ ಕೇಬಲ್‌ನಷ್ಟೇ ತಿಂದವು, ಗಮನಿಸಿದಿರಾ? ಅದೂ ತುದಿ ಚೊಕ್ಕಟ ಇದ್ದಾಗಿನ ಮಾತು.

ನಮ್ಮ ಜಿಲ್ಲೆಯಲ್ಲಿ ಚೊಕ್ಕಟ ಇಡುವುದೇ ದೊಡ್ಡ ಕೆಲಸ. ಶಹಾಬಾದ್, ವಾಡಿ, ಸೇಡಂ ಕಡೆ ಸಿಮೆಂಟ್ ಧೂಳು, ಉಳಿದ ಕಡೆ ಬೇಸಿಗೆ ಗಾಳಿಗೆ ಎದ್ದ ಮಣ್ಣು. 9 ಮೈಕ್ರಾನ್ ದಾರಿಗೆ ಒಂದು ಧೂಳಿನ ಕಣ ಅಂದ್ರೆ ಓಣಿಗೆ ಅಡ್ಡ ನಿಂತ ಲಾರಿ. ಚುಚ್ಚುವ ಮುಂಚೆ ಪ್ರತಿ ಸಲ ಒರೆಸಿ, ಹೊಸ ಜಂಪರ್ ಆದರೂ ಸರಿ. ಎಳೆ ಬಿಡದ ಬಟ್ಟೆ, ಐಸೋಪ್ರೊಪೈಲ್ ಆಲ್ಕೋಹಾಲ್, ಇಲ್ಲವೇ ಒತ್ತಿದರೆ ಟಕ್ ಅನ್ನುವ ಕ್ಲೀನರ್ ಪೆನ್. ಅಂಗಿ ಚುಂಗಿನಿಂದ ಒರೆಸುವವರನ್ನು ನೋಡಿದ್ದೇನೆ, ನಾನೂ ಒರೆಸಿದ್ದೇನೆ. ತಪ್ಪು. ಮುಚ್ಚಳ ತೆಗೆದರೆ ಜೇಬಿಗೆ ಹಾಕಿ, ನೆಲಕ್ಕೆ ಇಡಬೇಡಿ. ಬಗ್ಗಿಸುವಾಗ ಹಳೇ ಜಿ.652 ಎಳೆಗೆ 30 ಮಿಮೀ ತ್ರಿಜ್ಯ ಬಿಡಿ. ಹೆಚ್ಚು ಬಾಗಲು ತಾಳುವ ಜಿ.657ಎ2 ಆದರೆ 7.5 ಸಾಕು. ಯಾವುದು ಅಂತ ಹೊದಿಕೆ ಮೇಲೇ ಅಚ್ಚಾಗಿರುತ್ತೆ.

ಈಗ ಕರೆಂಟ್. ಇಲ್ಲೂ ಕತೆ ಜಾಯಿಂಟಿನದೇ, ಬೆಳಕಿನ ಬದಲು ಇಲ್ಲಿ ಬಿಸಿ ಹೊರಬರುತ್ತೆ. 2000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತೆ. ಸಾಕೆಟ್‌ನ ಸ್ಕ್ರೂ ಸಡಿಲಾಗಿ ಅಲ್ಲಿ ಬರೀ 0.1 ಓಮ್ ತಡೆ ಬಂತು ಅಂದುಕೊಳ್ಳಿ. 8.7 × 8.7 × 0.1, ಅಂದ್ರೆ ಏಳೂವರೆ ವ್ಯಾಟ್. ಅಕ್ಕಿಕಾಳಿನಷ್ಟು ಜಾಗದಲ್ಲಿ ಒಂದು ಎಲ್ಇಡಿ ಬಲ್ಬಿನಷ್ಟು ಶಕ್ತಿ ಪೂರ್ತಿ ಬಿಸಿಯಾಗಿ ಇಳಿಯುತ್ತೆ. ಸಾಕೆಟ್ ಕರಿಯಾಗುವುದು ಹೀಗೆ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇದನ್ನು ಹಿಡಿಯಲ್ಲ, ಯಾಕಂದ್ರೆ ಕರೆಂಟ್ ಜಾಸ್ತಿ ಆಗಿಲ್ಲವಲ್ಲ.

ವೈರ್ ಅಳತೆ ಬೇಗ ಹೇಳಿಬಿಡುತ್ತೇನೆ: ಲೈಟು, ಫ್ಯಾನಿಗೆ 1.5 ಸ್ಕ್ವೇರ್ ಎಂಎಂ, 16 ಆಂಪಿಯರ್ ಸಾಕೆಟ್‌ಗೆ 2.5, ಎಸಿಗೆ 4. ಎಂಸಿಬಿ ಪದೇ ಪದೇ ಬೀಳುತ್ತೆ ಅಂತ ದೊಡ್ಡದು ಹಾಕಿದರೆ ಆಮೇಲೆ ಫ್ಯೂಸ್ ಆಗುವುದು ಗೋಡೆಯೊಳಗಿನ ವೈರೇ. ನಮ್ಮಲ್ಲಿ ಮೇ ತಿಂಗಳಲ್ಲಿ 43 ಡಿಗ್ರಿ ಬಿಸಿಲಿಗೆ ಛಾವಣಿಯ ಪೈಪು ಮೊದಲೇ ಕಾದಿರುತ್ತೆ, ಆಗ ವೈರ್ ಹೊರುವ ಕರೆಂಟ್ ಇನ್ನೂ ಕಮ್ಮಿ. ಸಾಕೆಟ್ ಎದುರು ನಿಂತರೆ ಮೇಲಿನದು ಅರ್ಥ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಸ್ವಿಚ್ ಯಾವಾಗಲೂ ಫೇಸ್‌ಗೆ.

ತಗಡಿನ ಕೂಲರ್ ಬಗ್ಗೆ ಮಾತ್ರ ಉದಾಸೀನ ಬೇಡ. ನೀರು, ತಗಡು, ಒದ್ದೆ ಕಾಲು, ಕೆಳಗೆ ಒದ್ದೆಯಾದ ಶಹಾಬಾದ್ ಕಲ್ಲು. ಎರಡು ಪಿನ್ನಿನ ಪ್ಲಗ್ ಹಾಕಬೇಡಿ. ಅರ್ಥ್ ಸೇರಿಸಿ, ಕರೆಂಟ್ ಸೋರಿದರೆ ತಾನೇ ಕಡಿದುಬಿಡುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇರಲಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ.

ಎರಡೂ ಕೆಲಸ ಸೇರುವುದು ಟಿವಿ ಹಿಂದೆ. ಗಾಜಿನಲ್ಲಿ ಕರೆಂಟ್ ಹರಿಯಲ್ಲ, ನಿಜ. ಆದರೆ ಕಂಬದಿಂದ ಬರುವ ಡ್ರಾಪ್ ಕೇಬಲ್‌ನಲ್ಲಿ ಭಾರ ಹೊರಲು ಉಕ್ಕಿನ ತಂತಿ ಇರುತ್ತೆ, ಅದರಲ್ಲಿ ಹರಿಯುತ್ತೆ. ಆ ತಂತಿಯನ್ನು ಹೊರಗಿನ ಕೊಕ್ಕೆಗೇ ಕಟ್ಟಿ ಅಲ್ಲೇ ಕತ್ತರಿಸಿ, ವಿದ್ಯುತ್ ವೈರಿನ ಪೈಪಿನೊಳಗೆ ತೂರಿಸಬೇಡಿ. ಗುಡುಗು ಶುರುವಾಗುವ ಮುಂಚೆ ಮೋಡೆಮ್‌ನ ಪವರ್ ಅಡಾಪ್ಟರ್ ಕಿತ್ತಿಡಿ ಅಂತ ಮನೆಯವರಿಗೆ ಹೇಳಿ ಬನ್ನಿ. ಜಂಪರ್ ಮುಟ್ಟಬೇಡಿ ಅಂತಲೂ ಹೇಳಿ. ಇಲ್ಲದಿದ್ದರೆ ಮಳೆ ನಿಂತ ಮೇಲೆ ತುದಿ ಒರೆಸಲು ನೀವೇ ಮತ್ತೆ ಹೋಗಬೇಕು.