4.49 ತಗೊಳ್ಳೋದಾ, 4.50 ತಗೊಳ್ಳೋದಾ? ಏರ್ ರೈಫಲ್ ಪೆಲೆಟ್ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆ

ಪ್ರಶ್ನೆ: ನಮಸ್ಕಾರ ಸರ್. ಮಗಳು ಎಂಟನೇ ಕ್ಲಾಸು. ಈ ವರ್ಷ 10 ಮೀಟರ್ ಏರ್ ರೈಫಲ್‌ಗೆ ಸೇರಿಸಿದ್ದೇವೆ. ರೈಫಲ್ ಮೇಲೆ 4.5 ಎಂಎಂ ಅಂತ ಬರೆದಿದೆ. ಹಾಗಾದರೆ 4.50 ಹೆಡ್ ಸೈಜಿನ (ತಲೆಯ ಅಗಲ 4.50 ಎಂಎಂ ಇರುವ) ಪೆಲೆಟ್ಟೇ, ಅಂದರೆ ಆ ಸೀಸದ ಪುಟ್ಟ ಗುಂಡೇ, ಸರಿಯಾಗಿ ಕೂರಬೇಕು ಅಲ್ವಾ? ಅಂಗಡಿಯವರು 4.49 ಕೊಟ್ಟಿದ್ದಾರೆ. ವಾಪಸ್ ಕೊಡಬೇಕಾ? (ರಾಜಾಜಿನಗರದಿಂದ ಒಬ್ಬ ತಂದೆ)

ಉತ್ತರ: ವಾಪಸ್ ಕೊಡಬೇಡಿ. ಡಬ್ಬಿ ತೆರೆಯಿರಿ, ಮಗಳು ಅಭ್ಯಾಸ ಮಾಡಲಿ. ಅಂಗಡಿಯವರು ನಿಮಗೆ ಮೋಸ ಮಾಡಿಲ್ಲ.

ಇಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ಬೇಸಿಗೆ ರಜೆ ಶುರುವಾದರೆ ಈ ಪ್ರಶ್ನೆ ಬರುತ್ತದೆ, ರಾಜ್ಯ ಮಟ್ಟದ ಸ್ಪರ್ಧೆ ಹತ್ತಿರ ಬಂದರೆ ಇನ್ನೂ ಜಾಸ್ತಿ ಬರುತ್ತದೆ. ಒಬ್ಬರಿಗೆ ಫೋನಿನಲ್ಲಿ ಹೇಳಿದ್ದು ಇನ್ನೊಬ್ಬರಿಗೆ ಮುಟ್ಟುವ ಹೊತ್ತಿಗೆ "4.49 ಒಳ್ಳೇದು ಅಂತ ಸರ್ ಹೇಳಿದ್ರಂತೆ" ಅಂತ ಆಗಿರುತ್ತದೆ. ನಾನು ಹಾಗೆ ಹೇಳಿಲ್ಲ. 4.50 ಕೆಟ್ಟದ್ದು ಅಂತಲೂ ಹೇಳಿಲ್ಲ. ಅದಕ್ಕೇ ಈ ಸಲ ಪೂರ್ತಿ ಬರೆಯುತ್ತಿದ್ದೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿಬಿಡಿ.

ಬ್ಯಾರಲ್ (ರೈಫಲ್ಲಿನ ಕೊಳವೆ) 4.5, ಅದಕ್ಕೆ ಪೆಲೆಟ್ 4.50. ಕೇಳೋಕೆ ಲೆಕ್ಕ ಸರಿಯಾಗೇ ಇದೆ. ತಪ್ಪು ಏನಪ್ಪಾ ಅಂದರೆ, ಬ್ಯಾರಲ್ ಒಳಗೆ ಎಲ್ಲೂ "4.50" ಅನ್ನುವ ಒಂದೇ ಒಂದು ಅಳತೆ ಇಲ್ಲ. ಅದು ನುಣ್ಣಗಿನ ಕೊಳವೆ ಅಲ್ಲ. ಒಳಗೋಡೆಯಲ್ಲಿ ಸುರುಳಿಯಾಗಿ ಕೊರೆದ ತೋಡುಗಳಿವೆ, ತೋಡುಗಳ ನಡುವೆ ದಿಣ್ಣೆಗಳಿವೆ. ಇದೇ ರೈಫ್ಲಿಂಗ್. ಪೆಲೆಟ್ ತಿರುಗುತ್ತಾ ಹೋಗುವಂತೆ ಮಾಡುವುದು ಇದು. ತೋಡಿನಿಂದ ತೋಡಿಗೆ ಅಳೆದರೆ 4.5ರ ಆಸುಪಾಸು ಸಿಗುತ್ತದೆ. ದಿಣ್ಣೆಯಿಂದ ದಿಣ್ಣೆಗೆ ಅಳೆದರೆ ಅದಕ್ಕಿಂತ ಕಡಿಮೆ. ಅಂದರೆ ನೀವು ಹಾಕುವ ಪೆಲೆಟ್ 4.49 ಆಗಿರಲಿ, 4.50 ಆಗಿರಲಿ, ದಿಣ್ಣೆಗಳು ಅದರ ಮೈಯನ್ನು ಕೊರೆದೇ ಕೊರೆಯುತ್ತವೆ. ಪೆಲೆಟ್ ಸೀಸದ್ದು. ಅದಕ್ಕೇ ಅದು ಮೆತ್ತಗೆ ಜಾಗ ಕೊಡುತ್ತದೆ.

ಇನ್ನು ಪೆಲೆಟ್ ಆಕಾರ ನೋಡಿ. ಒಂದನ್ನು ಕೈಯಲ್ಲಿ ಹಿಡಿದುಕೊಂಡೇ ಓದಿ. ಮುಂದೆ ಚಪ್ಪಟೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಟೊಳ್ಳಾದ ಸ್ಕರ್ಟ್. ಹೆಡ್ ಸೈಜ್ ಅಂತ ಡಬ್ಬಿ ಮೇಲೆ ಬರೆದಿರುವುದು ತಲೆಯ ಅಗಲ ಮಾತ್ರ. ಸ್ಕರ್ಟ್ ತಲೆಗಿಂತ ಅಗಲ. ಹಿಂದಿನಿಂದ ಬರುವ ಗಾಳಿ ಸೋರದಂತೆ ತಡೆಯುವ ಕೆಲಸ ಹೆಚ್ಚಾಗಿ ಸ್ಕರ್ಟಿನದ್ದೇ. ತಲೆ ಪೆಲೆಟ್ಟನ್ನು ಬ್ಯಾರಲ್ ನಡುವೆ ನೇರವಾಗಿ ಹಿಡಿದಿಡುತ್ತದೆ. "4.49 ಹಾಕಿದರೆ ಗಾಳಿ ಸೋರುತ್ತದೆ" ಅಂತ ಹೇಳುವವರು ಈ ಸ್ಕರ್ಟನ್ನು ಮರೆತಿರುತ್ತಾರೆ.

ಸ್ಪರ್ಧೆಗೆ ಅಂತಲೇ ಮಾಡಿದ ಮ್ಯಾಚ್ ಬ್ಯಾರಲ್‌ಗಳಲ್ಲಿ ಇನ್ನೊಂದು ವಿಷಯ ಇದೆ. ಬಹಳಷ್ಟು ಬ್ಯಾರಲ್‌ಗಳನ್ನು ಬಾಯಿಯ ಹತ್ತಿರ ಬೇಕೆಂದೇ ಕೂದಲೆಳೆಯಷ್ಟು ಬಿಗಿ ಮಾಡಿರುತ್ತಾರೆ. ಇದಕ್ಕೆ ಚೋಕ್ ಅಂತಾರೆ. ಹಿಂದಿನಿಂದ ಏನೇ ಸೈಜಿನ ಪೆಲೆಟ್ ಹೋಗಲಿ, ಹೊರಬರುವ ಮೊದಲು ಆ ಬಿಗಿಯಲ್ಲಿ ಒಂದೇ ಅಳತೆಗೆ ಬರುತ್ತದೆ. ಹಾಗಾದರೆ ಡಬ್ಬಿ ಮೇಲಿನ ಸಂಖ್ಯೆಗೆ ನಾವು ಕೊಡುವ ಮರ್ಯಾದೆ ಸ್ವಲ್ಪ ಜಾಸ್ತಿಯಾಯಿತು ಅಲ್ವಾ?

ಆ ಸಂಖ್ಯೆ ಕೂಡ ಎಲ್ಲ ಕಂಪನಿಗೂ ಒಂದೇ ಅಲ್ಲ. ಜರ್ಮನಿಯ ಆರ್‌ಡಬ್ಲ್ಯುಎಸ್, ಎಚ್ ಅಂಡ್ ಎನ್, ಚೆಕ್ ದೇಶದ ಜೆಎಸ್‌ಬಿ, ಚೀನಾದ ಕ್ವಿಯಾಂಗ್ ಯುವಾನ್, ಎಲ್ಲರೂ ತಮ್ಮ ತಮ್ಮ ಅಚ್ಚಿನಲ್ಲಿ ಮಾಡುತ್ತಾರೆ. ಚಪ್ಪಲಿ ಅಂಗಡಿಯಲ್ಲಿ ಒಂದು ಕಂಪನಿಯ 8 ನಂಬರ್ ಸರಿಹೋದರೆ ಇನ್ನೊಂದರ 8 ಕಚ್ಚುತ್ತದಲ್ಲ, ಹಾಗೆ. ಒಂದೇ ಕಂಪನಿಯ 4.50ಯಲ್ಲೂ ಈ ಲಾಟ್ (ಒಂದೇ ಸಲಕ್ಕೆ ತಯಾರಾದ ಕಂತು) ಬೇರೆ, ಮುಂದಿನ ಲಾಟ್ ಬೇರೆ.

ಇಲ್ಲಿಗೆ ಬಂದಾಗ ಕೆಲವು ತಂದೆಯರು "ನಾನೇ ಅಳೆದು ನೋಡಿದೆ ಸರ್" ಅನ್ನುತ್ತಾರೆ. ಎಸ್.ಪಿ. ರೋಡಿನಲ್ಲಿ ಡಿಜಿಟಲ್ ವರ್ನಿಯರ್ ತಂದು ಒಂದೊಂದೇ ಪೆಲೆಟ್ ಹಿಡಿದು ಅಳೆದು, ಪುಸ್ತಕದಲ್ಲಿ ಬರೆದುಕೊಂಡು ಬರುತ್ತಾರೆ. ಆ ಶ್ರದ್ಧೆ ನನಗೆ ನಿಜವಾಗಿ ಇಷ್ಟ. ಆದರೆ ಒಳ್ಳೆಯ ಡಿಜಿಟಲ್ ವರ್ನಿಯರ್ ಕೂಡ 0.02 ಎಂಎಂ ಆಚೆ ಈಚೆ ತೋರಿಸುತ್ತದೆ. ನೀವು ಹುಡುಕುತ್ತಿರುವ ವ್ಯತ್ಯಾಸ 0.01 ಎಂಎಂ. ಉಪಕರಣದ ತಪ್ಪೇ ಹುಡುಕುವ ವಸ್ತುವಿಗಿಂತ ದೊಡ್ಡದು. ಮೇಲಾಗಿ ಸೀಸ ಮೆತ್ತಗೆ. ವರ್ನಿಯರ್ ಒತ್ತಿದಷ್ಟೂ ಪೆಲೆಟ್ ಒಳಗೆ ಹೋಗುತ್ತದೆ. ಅಳೆದ ಪೆಲೆಟ್ಟಿನ ತಲೆ ಆಮೇಲೆ ದುಂಡಗೆ ಉಳಿದಿರುವುದೂ ಅನುಮಾನ.

ಹಾಗಂತ ಹೆಡ್ ಸೈಜ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದರಿಂದ ವ್ಯತ್ಯಾಸ ಆಗುತ್ತದೆ. ಒಂದು ಬ್ಯಾರಲ್‌ಗೆ 4.49 ಚೆನ್ನಾಗಿ ಹೊಂದಬಹುದು, ಪಕ್ಕದ ಲೇನಿನಲ್ಲಿರುವ ಅದೇ ಮಾಡೆಲ್ಲಿನ ರೈಫಲ್‌ಗೆ 4.51 ಹೊಂದಬಹುದು. ಯಾವುದು ಅಂತ ಮೊದಲೇ ಲೆಕ್ಕ ಹಾಕಿ ಹೇಳಲು ಆಗುವುದಿಲ್ಲ. ಹೊಡೆದೇ ನೋಡಬೇಕು. ಹೊಸ ಮ್ಯಾಚ್ ರೈಫಲ್ ಜೊತೆ ಫ್ಯಾಕ್ಟರಿಯವರು ಒಂದು ಸಣ್ಣ ಟೆಸ್ಟ್ ಕಾರ್ಡ್ ಇಡುತ್ತಾರಲ್ಲ, ಅದು ಇದೇ ಕಾರಣಕ್ಕೆ. ಒಂದೇ ತೂತಿನ ಹಾಗೆ ಕಾಣುವ ಆ ಗ್ರೂಪ್, ಅಂದರೆ ಒಂದೇ ಗುರಿಗೆ ಹೊಡೆದ ಹೊಡೆತಗಳ ಗುಂಪು, ನಿಮ್ಮ ರೈಫಲ್ಲಿಂದಲೇ ಹೊಡೆದದ್ದು.

ಈಗ ನಿಜವಾಗಿ ನಿಮಗೆ ಬೇಕಾದ ಲೆಕ್ಕಕ್ಕೆ ಬರೋಣ. ಮಗಳು ಈಗಷ್ಟೇ ಶುರು ಮಾಡಿದ್ದಾಳೆ. ಪೆಲೆಟ್ ಬದಲಿಸಿದರೆ ಅವಳ ಸ್ಕೋರ್ ಎಷ್ಟು ಏರುತ್ತದೆ?

10 ಮೀಟರ್ ಟಾರ್ಗೆಟ್ಟಿನಲ್ಲಿ 10ರ ಚುಕ್ಕೆ ಬರೀ 0.5 ಎಂಎಂ. ಪೆಲೆಟ್ಟಿನ ಅಂಚು ಅದನ್ನು ಮುಟ್ಟಿದರೆ 10.0. ಅಂದರೆ ಪೆಲೆಟ್ಟಿನ ನಡುಭಾಗ ಟಾರ್ಗೆಟ್ ನಡುವಿನಿಂದ 2.5 ಎಂಎಂ ಒಳಗೆ ಇರಬೇಕು. ಅಲ್ಲಿಂದ ಒಳಗೆ ಪ್ರತಿ 0.25 ಎಂಎಂಗೆ 0.1 ಅಂಕ, ಹೀಗೆ 10.9ರ ತನಕ. 60 ಹೊಡೆತ, ಎಲ್ಲವೂ 10.9 ಬಿದ್ದರೆ 654.

ಹೊಡೆತ ನಡುವಿನಿಂದ ದೂರ ಹೋಗುವುದಕ್ಕೆ ಎರಡು ಕಾರಣ ಅಂದುಕೊಳ್ಳಿ. ಒಂದು ಹೊಡೆಯುವವರದ್ದು, ಇನ್ನೊಂದು ರೈಫಲ್ ಮತ್ತು ಪೆಲೆಟ್ಟಿನದ್ದು. ಈ ಎರಡು ನೇರವಾಗಿ ಕೂಡುವುದಿಲ್ಲ. ಪೈಥಾಗೊರಸ್ ಪ್ರಮೇಯದಂತೆ, ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯಬೇಕು. ಮಗಳು ಮುಂದೆ ಇದನ್ನು ಗಣಿತದಲ್ಲಿ ಕಲಿತಾಗ ಖುಷಿಪಡುತ್ತಾಳೆ.

ಹೊಸಬರ ಹೊಡೆತ ಸರಾಸರಿ 5 ಎಂಎಂ ದೂರ ಬೀಳುತ್ತದೆ ಅಂತ ಇಟ್ಟುಕೊಳ್ಳಿ. 60 ಹೊಡೆತಕ್ಕೆ ಸುಮಾರು 540ರ ಹತ್ತಿರದ ಸ್ಕೋರ್. ಪೆಲೆಟ್ಟಿನ ಪಾಲು 1 ಎಂಎಂ ಆದರೆ ಒಟ್ಟು ದೂರ 5.10 ಎಂಎಂ. ತುಂಬಾ ಚೆನ್ನಾಗಿ ಹೊಂದುವ ಪೆಲೆಟ್ ಸಿಕ್ಕಿ ಅದರ ಪಾಲು 0.5 ಎಂಎಂಗೆ ಇಳಿದರೆ 5.02. ವ್ಯತ್ಯಾಸ 0.08 ಎಂಎಂ ಕೂಡ ಮುಟ್ಟುವುದಿಲ್ಲ. ಇಡೀ ಮ್ಯಾಚಿನಲ್ಲಿ ಎರಡು ಅಂಕ ಸಿಗುವುದೂ ಕಷ್ಟ. ಉಸಿರು ಹಿಡಿಯುವುದು, ಟ್ರಿಗರ್ ಮೆಲ್ಲಗೆ ಒತ್ತುವುದು, ಹೊಡೆದ ಮೇಲೂ ಒಂದು ಕ್ಷಣ ಅಲುಗದೆ ನಿಲ್ಲುವುದು, ಇವುಗಳಿಂದ ಒಂದೇ ತಿಂಗಳಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ.

620 ಹೊಡೆಯುವವರ ಕಥೆ ಬೇರೆ. ಅವರ ಸರಾಸರಿ ದೂರ 1.5 ಎಂಎಂ ಆಸುಪಾಸು. ಅವರಿಗೆ ಅದೇ ಪೆಲೆಟ್ ಬದಲಾವಣೆ 1.80ಯನ್ನು 1.58ಕ್ಕೆ ಇಳಿಸುತ್ತದೆ. ಹೊಡೆತಕ್ಕೆ 0.1ರ ಹತ್ತಿರ, 60 ಹೊಡೆತಕ್ಕೆ ಐದು ಅಂಕ. ಅಷ್ಟರಲ್ಲಿ ಫೈನಲ್ ಸಿಗುತ್ತದೆ ಅಥವಾ ತಪ್ಪುತ್ತದೆ. ಅದಕ್ಕೇ ಅವರು ಪೆಲೆಟ್ ಹಿಂದೆ ಬೀಳುತ್ತಾರೆ, ಬೀಳಲೇಬೇಕು. ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ 14ನೇ ವಯಸ್ಸಿಗೆ ಕೈರೋ ವಿಶ್ವಕಪ್ಪಿನಲ್ಲಿ ಕಂಚು ಗೆದ್ದಾಗಿನಿಂದ "ಅವರು ಯಾವ ಪೆಲೆಟ್ ಹಾಕ್ತಾರೆ" ಅಂತ ನನ್ನನ್ನು ಕೇಳುವವರಿದ್ದಾರೆ. ಅವರ ಪೆಲೆಟ್ ಅವರ ಬ್ಯಾರಲ್ಲಿಗೆ. ನಿಮ್ಮ ಮಗಳ ಕೈಯಲ್ಲಿರುವ ರೈಫಲ್ಲಿಗೂ ಅದಕ್ಕೂ ಸಂಬಂಧವಿಲ್ಲ.

ಸ್ಕೋರ್ 600 ದಾಟಿ ನಿಂತ ಮೇಲೆ ಟೆಸ್ಟ್ ಮಾಡಿಸಿ. ರೈಫಲ್ಲನ್ನು ವೈಸ್‌ನಲ್ಲಿ ಬಿಗಿದು ಮಾಡಬೇಕು. ಕೈಯಲ್ಲಿ ಹಿಡಿದು ಹೊಡೆದರೆ ನೀವು ಅಳೆಯುವುದು ಮಗಳನ್ನೇ ಹೊರತು ಪೆಲೆಟ್ಟನ್ನಲ್ಲ. ಪೆಲೆಟ್ ಬದಲಿಸಿದಾಗ ಮೊದಲ ಕೆಲವು ಹೊಡೆತ ಲೆಕ್ಕಕ್ಕೆ ಬೇಡ, ಬ್ಯಾರಲ್ ಹೊಸ ಸೀಸಕ್ಕೆ ಹೊಂದಿಕೊಳ್ಳಲಿ. ಆಮೇಲೆ ಹತ್ತು ಹತ್ತು ಹೊಡೆತದ ಗ್ರೂಪ್. ಹೊರಅಂಚಿನಿಂದ ಹೊರಅಂಚಿಗೆ ಅಳೆದು 4.5 ಕಳೆಯಿರಿ. ಒಂದೇ ಗ್ರೂಪ್ ನೋಡಿ ತೀರ್ಮಾನ ಮಾಡಬೇಡಿ. ಒಂದೇ ಡಬ್ಬಿಯ ಪೆಲೆಟ್ ಒಮ್ಮೆ ಪುಟ್ಟ ಗ್ರೂಪ್ ಕೊಟ್ಟು ಮುಂದಿನ ಸಲ ಹರಡುತ್ತದೆ. ಪ್ರತಿ ಸೈಜಿಗೂ ಮೂರು ನಾಲ್ಕು ಗ್ರೂಪ್ ಬೇಕು. ಗೆದ್ದ ಡಬ್ಬಿಯ ಹೆಡ್ ಸೈಜ್ ಅಷ್ಟೇ ಅಲ್ಲ, ಲಾಟ್ ನಂಬರ್ ಬರೆದುಕೊಳ್ಳಿ. ಅದೇ ಲಾಟಿನ ಡಬ್ಬಿಗಳನ್ನು ಒಟ್ಟಿಗೆ ಕೊಳ್ಳಿ.

ಅಲ್ಲಿಯ ತನಕ ಪೆಲೆಟ್ ಹಾಳಾಗದಂತೆ ನೋಡಿಕೊಳ್ಳಿ. ಇದರಿಂದ ಆಗುವ ನಷ್ಟ 0.01ಕ್ಕಿಂತ ದೊಡ್ಡದು. 500 ಪೆಲೆಟ್ ಇರುವ ಡಬ್ಬಿಯನ್ನು ಸ್ಕೂಟರ್ ಡಿಕ್ಕಿಯಲ್ಲಿ ಹಾಕಿ ನಮ್ಮ ರಸ್ತೆಗಳ ಹಳ್ಳ, ಹಂಪ್ ಎಲ್ಲ ದಾಟಿಸಿ ತಂದರೆ ಒಳಗೆ ಒಂದಕ್ಕೊಂದು ಬಡಿದು ಸ್ಕರ್ಟ್ ನೆಗ್ಗುತ್ತದೆ. ಡಬ್ಬಿ ಖಾಲಿಯಾಗುತ್ತಾ ಹೋದಂತೆ ಅಲುಗಾಟ ಜಾಸ್ತಿ. ಮುಚ್ಚಳದ ಕೆಳಗೆ ಒಂದು ಸ್ಪಂಜಿನ ತುಂಡು ಇಡಿ, ಸಾಕು. ಕೆಳಗೆ ಬಿದ್ದ ಪೆಲೆಟ್ ಮತ್ತೆ ಹಾಕಬೇಡಿ.

ಕೂರಿಸುವುದರಲ್ಲೂ ಗಮನ ಇರಲಿ. ಮ್ಯಾಚ್ ರೈಫಲ್ ಆದರೆ ಪೆಲೆಟ್ಟನ್ನು ತಲೆ ಮುಂದಾಗಿ ಇಟ್ಟು ಲಿವರ್ ಮುಚ್ಚಿದರೆ ಒಳಗಿನ ಕಡ್ಡಿ ಅದನ್ನು ಪ್ರತಿ ಸಲ ಒಂದೇ ಆಳಕ್ಕೆ ತಳ್ಳುತ್ತದೆ. ಲಿವರ್ ಜಪ್ಪಬೇಡಿ. ಬ್ಯಾರಲ್ ಬಗ್ಗಿಸಿ ಲೋಡ್ ಮಾಡುವ ರೈಫಲ್ ಆದರೆ ಆ ಕೆಲಸ ಹೆಬ್ಬೆರಳಿನದ್ದು. ಸ್ಕರ್ಟ್ ಬ್ಯಾರಲ್ ಅಂಚಿಗೆ ಸಮನಾಗಿ, ಓರೆಯಾಗದೆ, ಪ್ರತಿ ಸಲ ಅಷ್ಟೇ ಒಳಗೆ ಕೂರಬೇಕು. ಒಂದು ಸಲ ಮೇಲೆ, ಇನ್ನೊಂದು ಸಲ ಒಳಗೆ ಕೂರಿಸಿದರೆ ಹೊಡೆತವೂ ಹಾಗೇ ಬೀಳುತ್ತದೆ.

ಇನ್ನೊಂದು ಮಾತು. ಕೆಲವು ಮಕ್ಕಳು ಕೈ ಖಾಲಿ ಇರಲಿ ಅಂತ ಪೆಲೆಟ್ ಬಾಯಲ್ಲಿ ಇಟ್ಟುಕೊಳ್ಳುತ್ತಾರೆ. ದಯವಿಟ್ಟು ಬಿಡಿಸಿ. ಅದು ಸೀಸ, ಮಕ್ಕಳ ಮೆದುಳಿಗೆ ವಿಷ. ರೇಂಜಿನಲ್ಲಿ ತಿಂಡಿ ಬೇಡ. ಸೋಪು ಹಾಕಿ ಕೈ ತೊಳೆದ ಮೇಲೆಯೇ ಊಟದ ಡಬ್ಬಿ ತೆರೆಯಬೇಕು.

ಪೆಲೆಟ್ ಕೂರಿಸುವ ಮಾತು ಬಂತಲ್ಲ, ಇದರ ಜೊತೆಗೇ ಬರುವ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಅಮೆರಿಕದ ವಿಡಿಯೋಗಳಲ್ಲಿ ಮನೆಯ ಗ್ಯಾರೇಜಿನಲ್ಲೇ ತೋಟಾ ತುಂಬುವುದನ್ನು ನೋಡಿರುತ್ತೀರಿ. ಪ್ರೆಸ್ ಅನ್ನುವ ಒತ್ತುವ ಯಂತ್ರದ ಮೇಲೆ ಸೀಟಿಂಗ್ ಡೈ (ಬುಲೆಟ್ ಕೂರಿಸುವ ಅಚ್ಚು) ಕೂರಿಸಿ, ಬುಲೆಟ್ಟನ್ನು ಮದ್ದು ತುಂಬಿದ ಕೇಸಿನ (ತೋಟಾದ ಲೋಹದ ಕವಚದ) ಬಾಯಿಯೊಳಗೆ ನೇರವಾಗಿ, ಬೇಕಾದ ಆಳಕ್ಕೆ ಒತ್ತುತ್ತಾರೆ. ಮೂಲದಲ್ಲಿ ಅವರ ತಲೆನೋವೂ ನಮ್ಮದೇ: ಬುಲೆಟ್ ಓರೆಯಾಗದೆ, ರೈಫ್ಲಿಂಗಿನಿಂದ ಪ್ರತಿ ಸಲ ಒಂದೇ ದೂರದಲ್ಲಿ ಕೂರಬೇಕು. ಅದನ್ನು ನೋಡಿ "ಮಗಳು ಮುಂದೆ 50 ಮೀಟರ್‌ಗೆ ಹೋದಾಗ ನಾವೂ ಹೀಗೆ ಮಾಡಬಹುದಾ" ಅಂತ ಆಸೆ ಹುಟ್ಟುತ್ತದೆ.

ಆಗುವುದಿಲ್ಲ. 50 ಮೀಟರ್ ರೈಫಲ್ಲಿಗೆ ಬಳಸುವುದು .22 ಲಾಂಗ್ ರೈಫಲ್ ತೋಟಾ. ಅದರ ಕಿಡಿ ಹತ್ತುವ ಮದ್ದು ಕೇಸಿನ ಹಿಂದಿನ ಅಂಚಿನ ಮಡಿಕೆಯೊಳಗೆ ಇರುತ್ತದೆ. ಪಿನ್ ಆ ಅಂಚನ್ನು ಜಜ್ಜಿದಾಗ ಅದು ಹತ್ತುತ್ತದೆ. ಒಮ್ಮೆ ಜಜ್ಜಿದ ಅಂಚು ಮತ್ತೆ ಬಳಕೆಗೆ ಬರುವುದಿಲ್ಲ. ವಿಡಿಯೋದಲ್ಲಿ ತುಂಬುವ ತೋಟಾಗಳಲ್ಲಿ ಪ್ರೈಮರ್, ಅಂದರೆ ಆ ಕಿಡಿ ಹತ್ತುವ ಮದ್ದಿನ ಪುಟ್ಟ ಬಟ್ಟಲು, ಕೇಸಿನ ತಳದ ನಡುವೆ ಬೇರೆಯಾಗಿ ಇರುತ್ತದೆ, ಅದನ್ನು ತೆಗೆದು ಹೊಸದು ಹಾಕಬಹುದು. ಕಾನೂನಿನ ಮಾತೂ ಇದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಮದ್ದುಗುಂಡು ತಯಾರಿಸಲು ಲೈಸೆನ್ಸ್ ಬೇಕೇ ಬೇಕು. ಮನೆಯಲ್ಲಿ ಹವ್ಯಾಸಕ್ಕೆ ಅಂತ ಕೈ ಹಾಕುವ ವಿಷಯ ಅಲ್ಲ. ನಿಮ್ಮ ಏರ್ ರೈಫಲ್ ಬಗ್ಗೆ ಭಯ ಬೇಡ. 2016ರ ನಿಯಮದಲ್ಲಿ 0.177 ಇಂಚು ಮತ್ತು 20 ಜೌಲ್ ಮೀರದ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ. 10 ಮೀಟರ್ ಮ್ಯಾಚ್ ರೈಫಲ್ಲಿನ ಶಕ್ತಿ ಸುಮಾರು 7.5 ಜೌಲ್.

ಹಾಗಾದರೆ .22 ಹೊಡೆಯುವ ದೊಡ್ಡ ಶೂಟರ್‌ಗಳು ಏನು ಮಾಡುತ್ತಾರೆ? ಬ್ಯಾರಲ್ ಹೊತ್ತುಕೊಂಡು ತೋಟಾ ಕಂಪನಿಯ ಟೆಸ್ಟ್ ರೇಂಜಿಗೇ ಹೋಗುತ್ತಾರೆ. ಇಂಗ್ಲೆಂಡಿನ ಏಲಿ, ಜರ್ಮನಿಯಲ್ಲಿ ಲಾಪುವಾ, ಇಬ್ಬರಲ್ಲೂ ಈ ವ್ಯವಸ್ಥೆ ಇದೆ. ಅಲ್ಲಿ ಬ್ಯಾರಲ್ಲನ್ನು ಬಿಗಿದು ಲಾಟ್ ಮೇಲೆ ಲಾಟ್ ಹೊಡೆದು ನೋಡುತ್ತಾರೆ. ಹೊಂದಿದ ಲಾಟ್ ಸಿಕ್ಕರೆ ಒಂದು ಸೀಸನ್ನಿಗೆ ಆಗುವಷ್ಟು ಒಟ್ಟಿಗೆ ಕೊಂಡು ತರುತ್ತಾರೆ. ತೋಟಾದ ಪೆಟ್ಟಿಗೆ ಮೇಲೂ ಅವರು ಮೊದಲು ನೋಡುವುದು ಲಾಟ್ ನಂಬರನ್ನೇ.