ಮಾಸ್ಕಿನ ಒಳಗೆ ಯಾರಿದ್ದಾರೆ? ‘ಬ್ಯಾಟಲ್ ಆಫ್ ಬ್ರಿಟನ್’ ತಾರಾಬಳಗದ ಹಿನ್ನೆಲೆ

ವಿಮಾನ ಕಾಳಗದ ಸಿನಿಮಾಗಳಿಗೆ ಹಳೆಯ ತಾಪತ್ರಯವೊಂದು ಅಂಟಿಕೊಂಡೇ ಬಂದಿದೆ. ಪೈಲಟ್ ತಲೆಗೆ ಚರ್ಮದ ಟೋಪಿ, ಕಣ್ಣಿಗೆ ಗಾಗಲ್ಸ್, ಮೂಗು ಬಾಯಿ ಮುಚ್ಚುವಂತೆ ಆಕ್ಸಿಜನ್ ಮಾಸ್ಕ್. ಇಷ್ಟಾದ ಮೇಲೆ ಒಳಗಿರುವವನು ಮೈಕೆಲ್ ಕೇನ್ ಆದರೇನು, ಮೊನ್ನೆ ಮೊನ್ನೆ ಕ್ಯಾಮೆರಾ ಮುಂದೆ ಬಂದ ಹುಡುಗನಾದರೇನು? ಎರಡನೇ ಮಹಾಯುದ್ಧದಲ್ಲಿ, 1940ರಲ್ಲಿ, ಬ್ರಿಟನ್ನಿನ ಆಕಾಶದಲ್ಲಿ ಬ್ರಿಟಿಷ್ ಮತ್ತು ಜರ್ಮನ್ ವಾಯುಪಡೆಗಳ ನಡುವೆ ನಡೆದ ಕಾಳಗದ ಕಥೆ ಹೇಳುವ 1969ರ ‘ಬ್ಯಾಟಲ್ ಆಫ್ ಬ್ರಿಟನ್’ ಚಿತ್ರದ ಮೇಲೆ ಬಿಡುಗಡೆಯಾದಾಗಿನಿಂದ ಇರುವ ದೂರೂ ಇದೇ: ಇಷ್ಟು ದೊಡ್ಡ ನಟರನ್ನು ಗುಡ್ಡೆ ಹಾಕಿಕೊಂಡು, ಯಾರು ಯಾರೆಂದೇ ಗೊತ್ತಾಗದ ಹಾಗೆ ಮಾಡಿದ್ದಾರೆ ಎಂದು. ದೂರಿನಲ್ಲಿ ಹುರುಳಿದೆ. ಆದರೆ ಪಾತ್ರಗಳನ್ನು ಹಂಚಿದ ರೀತಿಯನ್ನು ಬಿಡಿಸಿ ನೋಡಿದರೆ, ಅದು ಎಡವಟ್ಟಿನಿಂದ ಆದದ್ದಲ್ಲ, ಲೆಕ್ಕ ಹಾಕಿಯೇ ಮಾಡಿದ್ದು ಎಂಬುದು ತಿಳಿಯುತ್ತದೆ.

ಈ ತೊಡಕು ಮೊದಲಿನಿಂದಲೂ ಇರಲಿಲ್ಲ. ಮೊದಲ ಮಹಾಯುದ್ಧದ ವಿಮಾನಗಳ ಕಾಕ್‌ಪಿಟ್ ತೆರೆದದ್ದು, ಮಾಸ್ಕಿನ ಗೊಡವೆಯಿಲ್ಲ. 1927ರ ಮೂಕಿ ಚಿತ್ರ ‘ವಿಂಗ್ಸ್’ ನಿರ್ದೇಶಿಸಿದ ವಿಲಿಯಂ ವೆಲ್‌ಮನ್ ಸ್ವತಃ ಯುದ್ಧಕಾಲದ ಪೈಲಟ್. ನಟರನ್ನು ನಿಜವಾಗಿಯೂ ಹಾರಿಸಿ, ವಿಮಾನಕ್ಕೇ ಕ್ಯಾಮೆರಾ ಬಿಗಿದು, ಅವರ ಮುಖಕ್ಕೆ ಗುರಿ ಇಟ್ಟ. ಮಾತು ಬೇಕಾಗಿರಲಿಲ್ಲ, ಮುಖವೇ ಸಾಕಾಗಿತ್ತು. 1940ರ ಹೊತ್ತಿಗೆ ಕಾಳಗ ಇಪ್ಪತ್ತು ಸಾವಿರ ಅಡಿಗಳಾಚೆಗೆ ಏರಿತು, ಆಕ್ಸಿಜನ್ ಬೇಕೇ ಬೇಕಾಯಿತು. ಸಾಲದ್ದಕ್ಕೆ ರೇಡಿಯೊದ ಮೈಕ್ ಕೂಡ ಅದೇ ಮಾಸ್ಕಿನೊಳಗೆ ಕೂತಿತು. ಅಂದರೆ ಪೈಲಟ್ ಮಾತಾಡುವ ಹೊತ್ತಿನಲ್ಲೇ ಅವನ ಬಾಯಿ ಮುಚ್ಚಿರುತ್ತದೆ. ನಟನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಿಲ್ಲ.

ಯುದ್ಧ ಮುಗಿದ ಮೇಲೆ ಬ್ರಿಟಿಷ್ ಚಿತ್ರಗಳು ಕಂಡುಕೊಂಡ ಸುಲಭದ ದಾರಿ ಒಬ್ಬನೇ ನಾಯಕ. 1956ರಲ್ಲಿ ಎರಡೂ ಕಾಲು ಕಳೆದುಕೊಂಡ ಪೈಲಟ್ ಡಗ್ಲಸ್ ಬೇಡರ್ ಪಾತ್ರವನ್ನು ಕೆನೆತ್ ಮೋರ್ ಮಾಡಿದಾಗ, ಮಾಸ್ಕ್ ಹಾಕಿದರೂ ಗೊಂದಲವಾಗಲಿಲ್ಲ. ಕ್ಯಾಮೆರಾ ಯಾರ ಹತ್ತಿರ ಹೋಗುತ್ತದೋ ಅವನೇ ಬೇಡರ್. 1962ರಲ್ಲಿ ನಾರ್ಮಂಡಿ ದಾಳಿಯ ಕಥೆ ಹೇಳಿದ ‘ದಿ ಲಾಂಗೆಸ್ಟ್ ಡೇ’ ಈ ಸೂತ್ರವನ್ನೇ ತಿರುಗಿಸಿ ಹಾಕಿತು. ನಾಯಕನೇ ಇಲ್ಲ, ಡಜನ್‌ಗಟ್ಟಲೆ ಪರಿಚಿತ ಮುಖಗಳು, ಜರ್ಮನ್ನರು ಜರ್ಮನ್ ಭಾಷೆಯಲ್ಲೇ ಮಾತಾಡುತ್ತಾರೆ, ಕೆಳಗೆ ಸಬ್‌ಟೈಟಲ್. ಎರಡು ನಿಮಿಷ ಬಂದು ಹೋಗುವ ಅಧಿಕಾರಿಯನ್ನು ಪ್ರೇಕ್ಷಕ ನೆನಪಿಟ್ಟುಕೊಳ್ಳಬೇಕಾದರೆ ಆ ಮುಖ ಮೊದಲೇ ಪರಿಚಯದ್ದಾಗಿರಬೇಕು. ಬಹುತಾರಾ ಯುದ್ಧಚಿತ್ರದ ವ್ಯಾಕರಣ ಇಷ್ಟೇ. ಆದರೆ ಅಲ್ಲಿದ್ದದ್ದು ನೆಲದ ಯುದ್ಧ, ಹೆಲ್ಮೆಟ್ಟಿನ ಕೆಳಗೆ ಮುಖ ಕಾಣುತ್ತಿತ್ತು. ಅದೇ ವ್ಯಾಕರಣವನ್ನು ಆಕಾಶಕ್ಕೆ ಒಯ್ದವರು ನಿರ್ಮಾಪಕರಾದ ಹ್ಯಾರಿ ಸಾಲ್ಟ್ಜ್‌ಮನ್ ಮತ್ತು ಪೋಲೆಂಡ್ ಮೂಲದ ಬೆಂಜಮಿನ್ ಫಿಶ್, ನಿರ್ದೇಶಕ ಗೈ ಹ್ಯಾಮಿಲ್ಟನ್.

ಸಾಲ್ಟ್ಜ್‌ಮನ್ ಎಂದರೆ ಜೇಮ್ಸ್ ಬಾಂಡ್ ಚಿತ್ರಗಳ ಇಬ್ಬರು ನಿರ್ಮಾಪಕರಲ್ಲಿ ಒಬ್ಬ. ಹ್ಯಾಮಿಲ್ಟನ್ ‘ಗೋಲ್ಡ್‌ಫಿಂಗರ್’ ಮಾಡಿದವನು. ತಾರಾಬಳಗದ ಬೇರು ಇಲ್ಲಿದೆ. ಕೇನ್‌ನನ್ನು 1965ರಲ್ಲಿ ಗೂಢಚಾರನ ಪಾತ್ರದಿಂದ ಮುಂದೆ ತಂದದ್ದು ಸಾಲ್ಟ್ಜ್‌ಮನ್ ನಿರ್ಮಾಣದ ಚಿತ್ರವೇ. ರಾಬರ್ಟ್ ಶಾ ಎರಡನೇ ಬಾಂಡ್ ಚಿತ್ರದಲ್ಲಿ ರೈಲಿನಲ್ಲಿ ಬಾಂಡ್ ಜೊತೆ ಹೊಡೆದಾಡಿದವನು. ಅವರಿಬ್ಬರು ಆಗಲೇ ಹೆಸರಾದವರು. ‘ದಿ ಸೌಂಡ್ ಆಫ್ ಮ್ಯೂಸಿಕ್’ನ ಕ್ರಿಸ್ಟೋಫರ್ ಪ್ಲಮರ್ ಮತ್ತು ಸುಸಾನಾ ಯಾರ್ಕ್ ಅವರೊಂದಿಗೆ ಸೇರಿದರು.

ಪಾತ್ರವರ್ಗವನ್ನು ಮೂರು ಅಂತಸ್ತಿನಲ್ಲಿ ಜೋಡಿಸಿದ್ದಾರೆ. ಮೇಲಿನ ಅಂತಸ್ತಿನಲ್ಲಿ ಇತಿಹಾಸದ ನಿಜ ಹೆಸರುಗಳು: ಬ್ರಿಟಿಷ್ ವಾಯುಪಡೆಯ ಕಾದಾಟದ ವಿಮಾನಗಳ ವಿಭಾಗವಾದ ಫೈಟರ್ ಕಮಾಂಡ್ ಮುಖ್ಯಸ್ಥ ಹ್ಯೂ ಡೌಡಿಂಗ್ ಆಗಿ ಲಾರೆನ್ಸ್ ಒಲಿವಿಯೆ, ಅದರ ಪ್ರಾದೇಶಿಕ ಪಡೆಗಳಲ್ಲಿ ಒಂದಾದ 11ನೇ ಗ್ರೂಪಿನ ಮುಖ್ಯಸ್ಥ ಕೀತ್ ಪಾರ್ಕ್ ಆಗಿ ಟ್ರೆವರ್ ಹೊವರ್ಡ್, 12ನೇ ಗ್ರೂಪಿನ ಲೀ ಮ್ಯಾಲರಿಯಾಗಿ ಪ್ಯಾಟ್ರಿಕ್ ವೈಮಾರ್ಕ್. ನಡುವೆ ವಾಯುನೆಲೆ ನೋಡಿಕೊಳ್ಳುವ ಕಾಲ್ಪನಿಕ ಅಧಿಕಾರಿಗಳು. ಹಿಂದೆ ಬೇಡರ್ ಆಗಿ ಹಾರಿದ್ದ ಕೆನೆತ್ ಮೋರ್ ಈಗ ನೆಲದ ಮೇಲೆ ಗ್ರೂಪ್ ಕ್ಯಾಪ್ಟನ್ ಬೇಕರ್. ಕೆಳಗಿನ ಅಂತಸ್ತಿನಲ್ಲಿ ಹಾರುವವರು, ಎಲ್ಲರೂ ಹೊಸೆದ ಪಾತ್ರಗಳು: ಕೇನ್ ಮಾಡಿದ ಕ್ಯಾನ್‌ಫೀಲ್ಡ್, ಪ್ಲಮರ್ ಮಾಡಿದ ಕಾಲಿನ್ ಹಾರ್ವಿ, ಎಡ್ವರ್ಡ್ ಫಾಕ್ಸ್ ಮಾಡಿದ ಆರ್ಚಿ, ಇಯಾನ್ ಮೆಕ್‌ಶೇನ್ ಮಾಡಿದ ಸಾರ್ಜೆಂಟ್ ಆಂಡಿ.

ಜರ್ಮನ್ ಕಡೆಯಲ್ಲೂ ಇದೇ ಅಚ್ಚು. ಜರ್ಮನ್ ವಾಯುಪಡೆಯ ಮುಖ್ಯಸ್ಥ ಗೋರಿಂಗ್, ಅವನ ಕೈಕೆಳಗಿನ ಸೇನಾಧಿಪತಿಗಳಾದ ಕೆಸೆಲ್ರಿಂಗ್, ಮಿಲ್ಖ್ ನಿಜ ಹೆಸರಿನಲ್ಲಿದ್ದಾರೆ. ಮಾನ್‌ಫ್ರೆಡ್ ರೆಡೆಮನ್ ಮಾಡಿದ ಮೇಜರ್ ಫಾಲ್ಕೆ ಮಾತ್ರ ಬೇರೆ ಹೆಸರು ತೊಟ್ಟ ನಿಜದ ಜರ್ಮನ್ ಪೈಲಟ್ ಅಡೋಲ್ಫ್ ಗಾಲಂಡ್. ಏನು ಬೇಕು ಎಂದು ಗೋರಿಂಗ್ ಕೇಳಿದಾಗ ‘ಸ್ಪಿಟ್‌ಫೈರ್‌ಗಳನ್ನು ಕೊಡಿ’ ಎಂದು, ಅಂದರೆ ಶತ್ರುಗಳಾದ ಬ್ರಿಟಿಷರ ಕಾದಾಟದ ವಿಮಾನವನ್ನೇ ಬೇಡಿ, ಅವನ ಮುಖಕ್ಕೇ ಹೇಳುವುದು ಗಾಲಂಡ್‌ನ ಪ್ರಸಿದ್ಧ ಪ್ರಸಂಗ. ಗಾಲಂಡ್ ಈ ಚಿತ್ರದ ಸಲಹೆಗಾರರಲ್ಲಿ ಒಬ್ಬನೂ ಹೌದು. ಬ್ರಿಟಿಷ್ ಕಡೆಯಿಂದ ರಾಬರ್ಟ್ ಸ್ಟ್ಯಾನ್‌ಫರ್ಡ್ ಟಕ್, ‘ಜಿಂಜರ್’ ಲೇಸಿ ಮೊದಲಾದ ಪೈಲಟ್‌ಗಳು ಸಲಹೆಗೆ ನಿಂತಿದ್ದರು.

ಹೀಗೆ ಹಂಚಿದ್ದರ ಫಲವೇನೆಂದರೆ, ನೋಡಿದ ಕೂಡಲೇ ಗುರುತು ಸಿಗುವ ಹಿರಿಯ ಮುಖಗಳಲ್ಲಿ ಹೆಚ್ಚಿನವು ಮಾಸ್ಕ್ ಬೇಕಿಲ್ಲದ ಜಾಗದಲ್ಲಿ, ಅಂದರೆ ಮೇಜು, ನಕಾಶೆ, ಟೆಲಿಫೋನುಗಳ ಮುಂದೆ ಇವೆ. ರಾಲ್ಫ್ ರಿಚರ್ಡ್‌ಸನ್‌ಗೆ ಬ್ರಿಟಿಷ್ ರಾಯಭಾರಿಯಾಗಿ ಸಿಕ್ಕಿದ್ದು ಸ್ವಿಟ್ಜರ್‌ಲೆಂಡಿನ ಒಂದೇ ಒಂದು ದೃಶ್ಯ. ಜರ್ಮನ್ ರಾಯಭಾರಿ ಕರ್ಟ್ ಯುರ್ಗೆನ್ಸ್ ಸಂಧಾನದ ಹೆಸರಿನಲ್ಲಿ ಬೆದರಿಕೆ ಹಾಕಿದಾಗ ತಾಳ್ಮೆಗೆಟ್ಟು ಸಿಡಿಯುತ್ತಾನೆ, ಅಲ್ಲಿಗೆ ಅವನ ಕೆಲಸ ಮುಗಿಯಿತು. ಚಿಕ್ಕ ನಟನೊಬ್ಬನಿಗೆ ಆ ತೂಕ ತರಲು ಹತ್ತು ನಿಮಿಷ ಬೇಕಾಗುತ್ತಿತ್ತು. ಒಲಿವಿಯೆ ಅದಕ್ಕೆ ವಿರುದ್ಧ ದಾರಿ ಹಿಡಿದ. ದನಿ ಏರಿಸದ, ಮುಖದಲ್ಲಿ ಏನೂ ತೋರಿಸದ ಡೌಡಿಂಗ್. ಪಾರ್ಕ್ ಮತ್ತು ಲೀ ಮ್ಯಾಲರಿ ‘ಬಿಗ್ ವಿಂಗ್’ ಬಗ್ಗೆ, ಅಂದರೆ ಹಲವು ಸ್ಕ್ವಾಡ್ರನ್‌ಗಳನ್ನು ಒಟ್ಟುಗೂಡಿಸಿಯೇ ಶತ್ರುವಿನ ಮೇಲೆ ಬೀಳಬೇಕೇ ಎಂಬ ಬಗ್ಗೆ, ಕಚ್ಚಾಡುವಾಗ ಅವನು ಕೇಳುತ್ತ ಕೂರುವ ರೀತಿ ನೋಡಬೇಕು. ಯುದ್ಧ ಗೆದ್ದ ಮೇಲೂ 1940ರ ನವೆಂಬರಿನಲ್ಲಿ ಡೌಡಿಂಗ್‌ನನ್ನು ಹುದ್ದೆಯಿಂದ ಕಳಿಸಿದರು. ಆ ಕಹಿಯನ್ನು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ, ಒಲಿವಿಯೆಯ ಕೂತ ಭಂಗಿಯೇ ಹೇಳುತ್ತದೆ. ಚಿತ್ರೀಕರಣದ ಕಾಲಕ್ಕೆ ಡೌಡಿಂಗ್ ಇನ್ನೂ ಬದುಕಿದ್ದ. ವಯಸ್ಸು 86, ಗಾಲಿಕುರ್ಚಿಯಲ್ಲಿ ಬಂದು ಚಿತ್ರತಂಡವನ್ನು ನೋಡಿ ಹೋದ.

ಹಾರುವವರ ಮಟ್ಟಿಗೆ ಮಾಡಿದ್ದು ಬೇರೆ ಉಪಾಯ: ಮುಖ ಕಾಣದಿದ್ದರೂ ಗುರುತು ಸಿಗಲೆಂದು ಒಬ್ಬೊಬ್ಬನಿಗೂ ನೆಲದ ಮೇಲೆ ಒಂದೊಂದು ಚಹರೆ. ಕೇನ್ ಜೊತೆಗೆ ಒಂದು ನಾಯಿ. ಪ್ಲಮರ್ ಸ್ವತಃ ಕೆನಡಾದವನು; ತನ್ನ ಪಾತ್ರವೂ ಹಾಗೇ ಇರಲಿ ಎಂದು ಹಟ ಹಿಡಿದು ಭುಜದ ಮೇಲೆ ‘ಕೆನಡಾ’ ಪಟ್ಟಿ ಹಾಕಿಸಿಕೊಂಡ. ಮೆಕ್‌ಶೇನ್ ತೋಳಿನಲ್ಲಿ ಸಾರ್ಜೆಂಟಿನ ಮೂರು ಪಟ್ಟೆ, ಮನೆ ಬಾಂಬು ಬೀಳುತ್ತಿದ್ದ ಲಂಡನ್ನಿನಲ್ಲಿ. ಶಾ ಮಾಡಿದ ‘ಸ್ಕಿಪ್ಪರ್’ ದಕ್ಷಿಣ ಆಫ್ರಿಕಾದ ನಿಜ ಪೈಲಟ್ ‘ಸೇಲರ್’ ಮಲಾನ್‌ನ ನೆರಳಿನಲ್ಲಿ ಬೆಳೆದ ಪಾತ್ರ. ಹೊಸ ಹುಡುಗನೊಬ್ಬನನ್ನು ಮೇಲಕ್ಕೆ ಕರೆದೊಯ್ದು, ಅವನ ಬೆನ್ನಿಗೆ ಬಿದ್ದು, ರೇಡಿಯೊದಲ್ಲಿ ಬಾಯಿಂದಲೇ ಗುಂಡಿನ ಸದ್ದು ಮಾಡಿ ‘ನೀನು ಸತ್ತೆ’ ಎಂದು ಮನವರಿಕೆ ಮಾಡುವ ದೃಶ್ಯ ಅವನದು. ಕಾಳಗದ ವಲಯದಲ್ಲಿ 30 ಸೆಕೆಂಡಿಗಿಂತ ಹೆಚ್ಚು ನೇರವಾಗಿ ಹಾರಬೇಡ ಎಂಬುದು ಮಲಾನ್ ಬರೆದ ಹತ್ತು ನಿಯಮಗಳಲ್ಲಿ ಒಂದು. ಆ ದೃಶ್ಯದಲ್ಲಿ ಶಾ ಮುಖ ಕಾಣಬೇಕಿಲ್ಲ, ಆ ಗಡಸು ಗಂಟಲೇ ಸಾಕು. ತಾರೆಯನ್ನು ಮಾಸ್ಕಿನ ಹಿಂದೆ ಹೇಗೆ ಬಳಸಬೇಕು ಎಂಬುದಕ್ಕೆ ಇಡೀ ಚಿತ್ರದಲ್ಲಿ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ.

ಎಡವಿದ್ದೂ ಇದೆ. ಕ್ಯಾನ್‌ಫೀಲ್ಡ್ ಸಾಯುವುದು ಒಂದೇ ಕ್ಷಣದಲ್ಲಿ. ವಿಮಾನ ಸಿಡಿಯಿತು, ಕಥೆ ಮುಂದೆ ಹೋಯಿತು. ಯುದ್ಧದಲ್ಲಿ ಸಾವು ಹಾಗೇ ಬರುತ್ತದೆ, ಒಪ್ಪೋಣ. ಆದರೆ ಕೇನ್ ಸತ್ತದ್ದು ಎಷ್ಟೋ ಪ್ರೇಕ್ಷಕರಿಗೆ ತಿಳಿಯಲೇ ಇಲ್ಲ. ವಿಮಾನಗಳೂ ಗೊಂದಲಕ್ಕೆ ತುಪ್ಪ ಸುರಿದವು. ನಿವೃತ್ತ ವಾಯುಪಡೆ ಅಧಿಕಾರಿ ಹೇಮಿಶ್ ಮಹಾಡಿ ಕೂಡಿಸಿದ 27 ಸ್ಪಿಟ್‌ಫೈರ್‌ಗಳಲ್ಲಿ ಹಾರುವಂಥವು 12 ಮಾತ್ರ. ಅವನ್ನೇ ಹಲವು ಸ್ಕ್ವಾಡ್ರನ್‌ಗಳೆಂದು ತೋರಿಸಲು ಪಕ್ಕದ ಗುರುತಿನ ಅಕ್ಷರಗಳನ್ನು ಮತ್ತೆ ಮತ್ತೆ ಬದಲಿಸಬೇಕಾಯಿತು. ಹಾಗಾಗಿ ಅಕ್ಷರ ನೋಡಿ ಪೈಲಟ್ ಯಾರೆಂದು ಹಿಡಿಯುವ ದಾರಿಯೂ ಮುಚ್ಚಿತು. ಜರ್ಮನ್ ಮೆಸರ್‌ಶ್ಮಿಟ್‌ಗಳಾಗಿ ನಟಿಸಿದ್ದು ಸ್ಪೇನಿನ ಬುಚೋನ್ ವಿಮಾನಗಳು. ಅವುಗಳ ಎಂಜಿನ್ನೂ ಬ್ರಿಟಿಷ್ ಮರ್ಲಿನ್ನೇ ಆದ್ದರಿಂದ ಮೂತಿಯ ಆಕಾರ ಬೇರೆ. ಹಳದಿ ಮೂತಿ ಬಳಿದದ್ದರಿಂದ ಶತ್ರು ಯಾರು, ನಮ್ಮವರು ಯಾರು ಎಂಬುದಾದರೂ ಉಳಿಯಿತು.

ಸುಸಾನಾ ಯಾರ್ಕ್ ಮಾಡಿದ್ದು ವಾಯುಪಡೆಯ ಮಹಿಳಾ ವಿಭಾಗದ ಅಧಿಕಾರಿ, ಹಾರ್ವಿಯ ಹೆಂಡತಿ; ಆ ಪಾತ್ರ ಅರ್ಧ ಚೆನ್ನ, ಅರ್ಧ ಪೇಲವ. ಗಂಡ ಹೆಂಡಿರ ಜಗಳದ ದೃಶ್ಯಗಳು ಮೈಗೆ ಹತ್ತುವುದಿಲ್ಲ, ಕೂದಲಿನ ವಿನ್ಯಾಸವಂತೂ ಅಪ್ಪಟ 1968. ಆದರೆ ನೆಲೆಯ ಮೇಲೆ ದಾಳಿಯಾದ ನಂತರ, ಕಂಬಳಿ ಹೊದಿಸಿ ಸಾಲಾಗಿ ಮಲಗಿಸಿದ ತನ್ನ ಹುಡುಗಿಯರ ಶವಗಳ ಮುಂದೆ ಅವಳು ಸಿಗರೇಟು ಹಚ್ಚಲು ಹೊರಟಾಗ, ಗ್ಯಾಸ್ ಕೊಳವೆ ಒಡೆದಿದೆ ಎಂದು ವಾರಂಟ್ ಆಫೀಸರ್ ಗದರುತ್ತಾನೆ, ಅವಳು ತಿರುಗಿ ಕಿರುಚುತ್ತಾಳೆ. ಅಲ್ಲಿ ಅವಳನ್ನು ಮೀರಿಸುವವರಿಲ್ಲ. ಇನ್ನೊಂದು ಕಡೆ ಸ್ಕ್ವಾಡ್ರನ್ ಲೀಡರ್ ಎವನ್ಸ್ ಅವಳತ್ತ ಮುಖ ತಿರುಗಿಸುತ್ತಾನೆ; ಮುಖವೆಲ್ಲ ಸುಟ್ಟ ಗಾಯದ ಗುರುತು. ಅದು ಮೇಕಪ್ ಅಲ್ಲ. ಆ ಪಾತ್ರ ಮಾಡಿದ ಬಿಲ್ ಫಾಕ್ಸ್‌ಲಿ 1944ರಲ್ಲಿ ವೆಲಿಂಗ್ಟನ್ ಬಾಂಬರ್ ಅಪಘಾತದಲ್ಲಿ ಸುಟ್ಟುಹೋಗಿ, ಈಸ್ಟ್ ಗ್ರಿನ್‌ಸ್ಟೆಡ್ ಆಸ್ಪತ್ರೆಯಲ್ಲಿ ಆರ್ಚಿಬಾಲ್ಡ್ ಮೆಕಿಂಡೋ ಕೈಯಲ್ಲಿ ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಂಡ ವಾಯುಸೈನಿಕ. ಇಡೀ ತಾರಾಬಳಗದಲ್ಲಿ ಮರೆಯಲಾಗದ ಮುಖ ಅವನದೇ.

ನಟರ ಮಾತು ಎಷ್ಟು ನಡೆಯುತ್ತಿತ್ತು ಎಂಬುದಕ್ಕೆ ಸಂಗೀತದ ಪ್ರಕರಣ ಸಾಕ್ಷಿ. ಹಿನ್ನೆಲೆ ಸಂಗೀತ ಕೊಟ್ಟವರು ಒಲಿವಿಯೆಯ ಷೇಕ್ಸ್‌ಪಿಯರ್ ಚಿತ್ರಗಳಿಗೆ ಸಂಗೀತ ಬರೆದಿದ್ದ ವಿಲಿಯಂ ವಾಲ್ಟನ್. ಗ್ರಾಮಫೋನ್ ರೆಕಾರ್ಡಿಗೆ ಸಾಲುವಷ್ಟು ಉದ್ದವಿಲ್ಲ ಎಂದು ವಿತರಕರಾದ ಯುನೈಟೆಡ್ ಆರ್ಟಿಸ್ಟ್ಸ್ ಅದನ್ನು ಪಕ್ಕಕ್ಕಿಟ್ಟು ರಾನ್ ಗುಡ್ವಿನ್‌ನಿಂದ ಹೊಸದನ್ನು ಬರೆಸಿದರು. ತನ್ನ ಹೆಸರನ್ನೇ ತೆಗೆಸುತ್ತೇನೆ ಎಂದು ಒಲಿವಿಯೆ ಪಟ್ಟು ಹಿಡಿದ ಮೇಲೆ ವಾಲ್ಟನ್‌ನ ಒಂದು ತುಣುಕು ಉಳಿಯಿತು. ಅದು ಬರುವುದು ಕೊನೆಯ ಮಹಾಕಾಳಗದಲ್ಲಿ. ಅಲ್ಲಿ ಮಾತಿಲ್ಲ, ಎಂಜಿನ್ ಗುಂಡುಗಳ ಸದ್ದೂ ಅಡಗಿದೆ, ಬರೀ ಸಂಗೀತ. ಯಾರು ಯಾರೆಂಬ ಪ್ರಶ್ನೆಯನ್ನು ಚಿತ್ರ ಅಲ್ಲಿ ತಾನೇ ಕೈಬಿಡುತ್ತದೆ. ನನ್ನ ಎಣಿಕೆಯಲ್ಲಿ ಚಿತ್ರದ ಅತ್ಯುತ್ತಮ ನಿಮಿಷಗಳೂ ಅವೇ.

1969ರ ಸೆಪ್ಟೆಂಬರ್ 15ರಂದು ಲಂಡನ್ನಿನಲ್ಲಿ ಮೊದಲ ಪ್ರದರ್ಶನ ಕಂಡ ಚಿತ್ರ ಬ್ರಿಟನ್ನಿನಲ್ಲಿ ಓಡಿತು, ಅಮೆರಿಕದಲ್ಲಿ ಮುಗ್ಗರಿಸಿತು, ಹಾಕಿದ ಹಣ ಆಗ ವಾಪಸಾಗಲಿಲ್ಲ. ಮರುವರ್ಷ ಪರ್ಲ್ ಹಾರ್ಬರ್ ಕುರಿತು ಬಂದ ‘ತೋರಾ! ತೋರಾ! ತೋರಾ!’ ದೊಡ್ಡ ತಾರೆಯರ ಗೋಜಿಗೇ ಹೋಗಲಿಲ್ಲ. 1977ರ ‘ಎ ಬ್ರಿಜ್ ಟೂ ಫಾರ್’ ಮತ್ತೆ ತಾರೆಯರನ್ನು ಸುರಿಯಿತು. ಅದರಲ್ಲಿ ಕೇನ್, ಫಾಕ್ಸ್, ಒಲಿವಿಯೆ ಮೂವರೂ ಇದ್ದಾರೆ, ಆದರೆ ನೆಲದ ಮೇಲೆ. 2017ರ ‘ಡಂಕರ್ಕ್’ನಲ್ಲಿ ಸ್ಪಿಟ್‌ಫೈರ್ ತಂಡದ ನಾಯಕನಾಗಿ ರೇಡಿಯೊದಲ್ಲಿ ಕೇಳುವ ದನಿ ಕೇನ್‌ನದು, ಮುಖ ತೋರಿಸುವ ಗೋಜೇ ಇಲ್ಲ.

ಈಗ ನೋಡುವವರಿಗೆ ಈ ಚಿತ್ರ 1969ಕ್ಕಿಂತ ಸಲೀಸು. ಆಗ ಹೊಸಬರಾಗಿದ್ದ ಫಾಕ್ಸ್ ಮತ್ತು ಮೆಕ್‌ಶೇನ್ ಈಗ ಚಿರಪರಿಚಿತರು. ಆದರೂ ತೊಡಕಾದರೆ ತೋಳಿನ ತುದಿ ನೋಡಿ. ಒಂದು ತೆಳು ಪಟ್ಟಿ ಇದ್ದರೆ ಪೈಲಟ್ ಆಫೀಸರ್. ಎರಡು ಪಟ್ಟಿಗಳ ನಡುವೆ ಒಂದು ತೆಳು ಗೆರೆ ಇದ್ದರೆ ಸ್ಕ್ವಾಡ್ರನ್ ಲೀಡರ್, ಅಂದರೆ ಕೇನ್, ಶಾ, ಪ್ಲಮರ್ ಪೈಕಿ ಒಬ್ಬ. ನಾಲ್ಕಿದ್ದರೆ ಕೆನೆತ್ ಮೋರ್ ದರ್ಜೆ. 2004ರ ಡಿವಿಡಿ ಸಿಕ್ಕರೆ ಅದರಲ್ಲಿ ವಾಲ್ಟನ್ ಸಂಗೀತದ ಪ್ರತ್ಯೇಕ ಟ್ರ್ಯಾಕ್ ಇದೆ. ಗುಡ್ವಿನ್ ಟ್ರ್ಯಾಕಿನಲ್ಲಿ ಒಮ್ಮೆ ನೋಡಿದ ಮೇಲೆ ಅದನ್ನು ಹಾಕಿಕೊಳ್ಳಿ.